ಸಿಡಿಲು ಮತ್ತು ಕುದುರೆಯ ನಾಲ್ಕು ಕಾಲು

ಸಿಡಿಲಿನಿಂದ ಸತ್ತಿರಬಹುದಾದ ಕುದುರೆಯನ್ನು ಪರೀಕ್ಷಿಸಲು ಬಂದ ಪಶುವೈದ್ಯನು ಅದರ ಬಾಯನ್ನೂ ತೆರೆದು ನೋಡುತ್ತಾನೆ. ಅಗಿಯದೆ ಉಳಿದ ಹಸಿರು ಹುಲ್ಲಿನ ತುತ್ತು ಅಲ್ಲಿ ಸಿಕ್ಕಿತೆಂದರೆ ಅವನಿಗೆ ಒಂದು ಮುಖ್ಯ ಸಾಕ್ಷ್ಯ ದೊರೆತಂತಾಯಿತು. ರೋಗದಿಂದ ನರಳಿ ಸತ್ತ ಪ್ರಾಣಿಯ ಬಾಯಲ್ಲಿ ಹೊಸ ತುತ್ತು ಇರುವುದು ಅಪರೂಪ. ಈ ಕುದುರೆಯಾದರೋ ಮೇಯುತ್ತಿದ್ದಂತೆಯೇ ಕ್ಷಣಮಾತ್ರದಲ್ಲಿ ಪ್ರಾಣ ಬಿಟ್ಟಿರಬೇಕು. ಬಳಿಕ ಅವನು ಕಾಲುಗಳನ್ನು ನೋಡುತ್ತಾನೆ. ಕೆಲವು ಕುದುರೆಗಳ ಕಾಲಿನ ಒಳಬದಿಯಲ್ಲಿ ಕೂದಲು ಸೀದ ಗೆರೆ ಕಾಣುತ್ತದೆ. ಎಷ್ಟೋ ಕುದುರೆಗಳಲ್ಲಿ ಅದೂ ಇರುವುದಿಲ್ಲ. ಬೆನ್ನಿನ ಮೇಲೆ ದೊಡ್ಡ ಸುಟ್ಟ ಗಾಯವನ್ನು ನಿರೀಕ್ಷಿಸಿದ ಒಡೆಯನಿಗೆ ಇದು ವಿಚಿತ್ರವೆನಿಸುತ್ತದೆ. ಆಕಾಶದಿಂದ ಬಂದ ಬೆಂಕಿ ಕಾಲಿನ ಒಳಬದಿಯಲ್ಲಿ ಗುರುತು ಬಿಡುವುದೇಕೆ?

ಸಿಡಿಲು ನೇರವಾಗಿ ಪ್ರಾಣಿಯ ಮೇಲೆಯೇ ಎರಗುವುದು ಅಪರೂಪ. ಅದು ಹತ್ತಿರದ ಮರಕ್ಕೋ ಬೇಲಿಗೋ ಬರಿಯ ನೆಲಕ್ಕೋ ಹೊಡೆಯುತ್ತದೆ. ಅಲ್ಲಿಂದ ವಿದ್ಯುತ್ತು ನೆಲದೊಳಗೆ ಹರಡಿ ಕುದುರೆಯ ಕಾಲುಗಳ ಮೂಲಕ ಮೇಲೇರುತ್ತದೆ. ಕುದುರೆ ಸಾಯುವುದು ಬಹುಮಟ್ಟಿಗೆ ಆಕಾಶದಿಂದಲ್ಲ, ತಾನು ನಿಂತ ನೆಲದಿಂದ.

ಈ ಮಾತನ್ನು ಪರಿಶೀಲಿಸಲು ಅಮೆರಿಕದ ಫ್ಲೋರಿಡಾ ರಾಜ್ಯದ ಒಕಾಲಾ ಪಟ್ಟಣದ ಸುತ್ತಲಿನ ಸೀಮೆಗಿಂತ ಉತ್ತಮವಾದ ಸ್ಥಳ ಸಿಗಲಾರದು. ಸುಣ್ಣಕಲ್ಲಿನ ನೆಲದ ಮೇಲೆ ಬೆಳೆಯುವ ಅಲ್ಲಿನ ಹುಲ್ಲು ಕುದುರೆಯ ಎಲುಬಿಗೆ ಒಳ್ಳೆಯದೆಂಬ ನಂಬಿಕೆಯಿಂದ ಜನ ಅಲ್ಲಿ ಜೂಜುಕುದುರೆಗಳನ್ನು ಸಾಕತೊಡಗಿದರು. ಫ್ಲೋರಿಡಾದಲ್ಲಿ ಹುಟ್ಟಿದ ನೀಡಲ್ಸ್ ಎಂಬ ಕುದುರೆ 1956ರಲ್ಲಿ ಕೆಂಟಕಿ ಡರ್ಬಿಯನ್ನು ಗೆದ್ದಮೇಲಂತೂ ಆ ಸೀಮೆಯ ಹೆಸರು ಎಲ್ಲೆಡೆಯೂ ಹಬ್ಬಿತು. ಆದರೆ ಅದೇ ರಾಜ್ಯ ಸಿಡಿಲಿಗೂ ಪ್ರಸಿದ್ಧ. ಫ್ಲೋರಿಡಾ ಒಂದು ಪರ್ಯಾಯದ್ವೀಪ. ಬೇಸಿಗೆಯ ಹಗಲಿನಲ್ಲಿ ನೆಲ ಕಾದಾಗ ಪೂರ್ವದ ಅಟ್ಲಾಂಟಿಕ್ ಸಾಗರದಿಂದಲೂ ಪಶ್ಚಿಮದ ಮೆಕ್ಸಿಕೋ ಕೊಲ್ಲಿಯಿಂದಲೂ ತೇವಭರಿತ ಗಾಳಿ ಒಳನಾಡಿಗೆ ನುಗ್ಗುತ್ತದೆ. ಇವೆರಡೂ ಸಂಧಿಸಿದೆಡೆ ಗಾಳಿಗೆ ಮೇಲೇರುವುದಲ್ಲದೆ ಬೇರೆ ದಾರಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈಲಿಗಟ್ಟಲೆ ಎತ್ತರದ ಮೋಡಗಳು ಎದ್ದುನಿಲ್ಲುತ್ತವೆ. ವಿಶಾಲವಾದ ಹುಲ್ಲುಗಾವಲು, ನಡುವೆ ಒಂಟಿಯಾಗಿ ನಿಂತ ಹಳೆಯ ಓಕ್ ಮರ, ಅದರ ನೆರಳಿನಲ್ಲಿ ಕುದುರೆಗಳ ಗುಂಪು: ಬಣ್ಣದ ಚಿತ್ರಕ್ಕೆ ಇದು ಸೊಗಸಾದ ವಸ್ತು, ಗುಡುಗಿನ ದಿನ ಇದಕ್ಕಿಂತ ಕೆಟ್ಟ ವ್ಯವಸ್ಥೆ ಇನ್ನೊಂದಿಲ್ಲ.

ಮೋಡದೊಳಗೆ ಮಂಜಿನ ಹರಳುಗಳೂ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುತ್ತು ಬೇರ್ಪಡುತ್ತದೆಂಬುದನ್ನು ಓದುಗರು ಬಲ್ಲರು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮಗೆ ಬೇಕಾದುದು ಸಿಡಿಲು ನೆಲ ಮುಟ್ಟಿದಮೇಲಿನ ಕಥೆ. ಸಾಮಾನ್ಯವಾದ ಒಂದು ಸಿಡಿಲಿನ ಪ್ರವಾಹ ಸುಮಾರು 30,000 ಆಂಪಿಯರುಗಳನ್ನು ಮುಟ್ಟುತ್ತದೆ. ಅದು ಉಳಿಯುವುದು ಸೆಕೆಂಡಿನ ಅತ್ಯಲ್ಪ ಭಾಗ ಮಾತ್ರ, ಆದರೂ ಅಷ್ಟು ವಿದ್ಯುತ್ತು ಎಲ್ಲಿಗಾದರೂ ಹೋಗಲೇಬೇಕಷ್ಟೆ. ಒಕಾಲಾದ ಉತ್ತರಕ್ಕಿರುವ ಕ್ಯಾಂಪ್ ಬ್ಲ್ಯಾಂಡಿಂಗ್ ಎಂಬ ಸೈನಿಕ ನೆಲೆಯಲ್ಲಿ ಫ್ಲೋರಿಡಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1990ರ ದಶಕದಿಂದ ತಂತಿ ಕಟ್ಟಿದ ಚಿಕ್ಕ ರಾಕೆಟ್ಟುಗಳನ್ನು ಮೋಡಕ್ಕೆ ಹಾರಿಸಿ ಬೇಕೆಂದೇ ಸಿಡಿಲನ್ನು ಕೆಳಗಿಳಿಸಿ ಅಭ್ಯಸಿಸಿದರು. ಸಿಡಿಲಿನ ಕಾವಿಗೆ ಮರಳು ಕರಗಿ, ಗಾಜಾಗಿ, ನೆಲದೊಳಗೆ ಮರದ ಬೇರಿನಂತೆ ಕವಲೊಡೆದ ಕೊಳವೆಯಾಗುತ್ತದೆ. ಅಲ್ಲಿ ಅಗೆದು ತೆಗೆದ ಅಂಥ ಒಂದು ಕೊಳವೆಯ ಕವಲು ಸುಮಾರು 17 ಅಡಿ ಉದ್ದವಿತ್ತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಸಿಡಿಲು ಬಿದ್ದ ಬಿಂದುವಿನಿಂದ ವಿದ್ಯುತ್ತು ಎಲ್ಲ ದಿಕ್ಕಿಗೂ ಸಮನಾಗಿ ಅರ್ಧಗೋಳದಂತೆ ಹರಡುತ್ತದೆಂದು ಭಾವಿಸಿ. ಆಗ ಯಾವುದೇ ಸ್ಥಳದ ವೋಲ್ಟೇಜು, ಪ್ರವಾಹವನ್ನು ಮಣ್ಣಿನ ವಿಶಿಷ್ಟ ರೋಧದಿಂದ ಗುಣಿಸಿ, ದೂರದ 2π ಪಟ್ಟಿನಿಂದ ಭಾಗಿಸಿದಷ್ಟಾಗುತ್ತದೆ. ತೇವದ ಮಣ್ಣಿಗೆ ವಿಶಿಷ್ಟ ರೋಧ 100 ಓಮ್-ಮೀಟರ್ ಎಂದು ಹಿಡಿಯೋಣ. ಸಿಡಿಲಿನಿಂದ 10 ಮೀಟರ್ ದೂರದಲ್ಲಿ ವೋಲ್ಟೇಜು ಸುಮಾರು 47,700, 11.2 ಮೀಟರ್ ದೂರದಲ್ಲಿ ಸುಮಾರು 42,600. ಕುದುರೆಯ ಮುಂಗಾಲು ಮೊದಲನೆಯ ಜಾಗದಲ್ಲಿಯೂ ಹಿಂಗಾಲು ಎರಡನೆಯದರಲ್ಲಿಯೂ ಇದ್ದರೆ ಅವುಗಳ ನಡುವೆ 5,100 ವೋಲ್ಟುಗಳ ಅಂತರ! ಅದೇ ಸ್ಥಳದಲ್ಲಿ ಪಾದಗಳನ್ನು 30 ಸೆಂಟಿಮೀಟರ್ ಅಗಲಿಸಿ ನಿಂತ ಮನುಷ್ಯನಿಗೆ ಅಂತರ 1,400 ವೋಲ್ಟು. ಪಾದಗಳನ್ನು ಜೋಡಿಸಿ ನಿಂತರೆ ಅದರ ಒಂದು ಅಲ್ಪಭಾಗ. ಕಲ್ಲುನೆಲದ ವಿಶಿಷ್ಟ ರೋಧ ಇದರ ಹತ್ತು ಪಟ್ಟಾಗಿರಬಹುದು. ಆಗ ಅಂತರವೂ ಹತ್ತು ಪಟ್ಟಾಗುತ್ತದೆ.

ದುರದೃಷ್ಟ ಇಷ್ಟಕ್ಕೆ ಮುಗಿಯಲಿಲ್ಲ. ಮನುಷ್ಯನಲ್ಲಿ ಈ ವಿದ್ಯುತ್ತು ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ. ಹೃದಯ ಅದರ ಹಾದಿಯಿಂದ ದೂರವಿರುತ್ತದೆ. ಕುದುರೆಯಲ್ಲಿ ಅದು ಮುಂಗಾಲಿನಿಂದ ಹಿಂಗಾಲಿಗೆ ಹೋಗಬೇಕಾದರೆ ಎದೆಯನ್ನು ಹಾದೇ ಹೋಗಬೇಕು.

ಈ ಲೆಕ್ಕದಿಂದ ಇನ್ನೊಂದು ಒಗಟು ಬಿಡಿಸಿಕೊಳ್ಳುತ್ತದೆ. ಒಂದೇ ಗುಂಪಿನಲ್ಲಿ ಒಂದು ಕುದುರೆ ಸತ್ತು ಪಕ್ಕದ್ದು ಬದುಕಿದಾಗ ಜನ ಅದನ್ನು ವಿಧಿಯ ಆಟವೆನ್ನುತ್ತಾರೆ. ಸಿಡಿಲು ಬಿದ್ದ ಬಿಂದುವಿಗೆ ಮುಖವನ್ನೋ ಬಾಲವನ್ನೋ ಮಾಡಿ ನಿಂತ ಕುದುರೆಯ ಕಾಲುಗಳು ಬೇರೆ ಬೇರೆ ದೂರದಲ್ಲಿರುತ್ತವೆ; ಪಕ್ಕೆ ಮಾಡಿ ನಿಂತದ್ದರ ಕಾಲುಗಳು ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ. ನಾವು ವಿಧಿ ಎನ್ನುವುದರಲ್ಲಿ ಒಂದು ಪಾಲು ಜ್ಯಾಮಿತಿಯೂ ಸೇರಿದೆ.

ನಾಲ್ಕು ಕಾಲಿನ ಬೇರೆ ಪ್ರಾಣಿಗಳ ಪಾಡೂ ಇದೇ. 2016ರ ಆಗಸ್ಟಿನಲ್ಲಿ ನಾರ್ವೆ ದೇಶದ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲಿ 323 ಕಾಡು ಹಿಮಸಾರಂಗಗಳು ಒಂದೇ ಕಡೆ ಸತ್ತುಬಿದ್ದಿದ್ದವು. ಅವುಗಳಲ್ಲಿ 70 ಮರಿಗಳು. ಬಿರುಗಾಳಿಗೆ ಬೆದರಿ ಹಿಂಡು ಒತ್ತೊತ್ತಾಗಿ ನಿಂತಿದ್ದಾಗ ಸಿಡಿಲು ಎರಗಿತೆಂದು ಅಧಿಕಾರಿಗಳು ತೀರ್ಮಾನಿಸಿದರು. ಅಷ್ಟೂ ಪ್ರಾಣಿಗಳಿಗೆ ಬೇರೆ ಬೇರೆ ಸಿಡಿಲು ಬೇಕಾಗಲಿಲ್ಲ. ಅವೆಲ್ಲ ನಿಂತಿದ್ದ ನೆಲವೊಂದೇ ಸಾಕಾಯಿತು. ಕುದುರೆಗಳೂ ಮಳೆಗಾಳಿಗೆ ಬಾಲ ತಿರುಗಿಸಿ, ತಲೆ ತಗ್ಗಿಸಿ, ಗುಂಪುಗೂಡುವುದು ಸಹಜ. ನಮ್ಮ ನಾಡಿನಲ್ಲಿ ಭರಣಿ, ಕೃತ್ತಿಕೆ ಮಳೆಗಳ ಗುಡುಗಿಗೆ ಮರದಡಿ ಸೇರುವ ದನಕುರಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲು ಮರ. ಒಂಟಿಮರಕ್ಕೆ ಸಿಡಿಲು ಹೊಡೆದಾಗ ತೊಗಟೆಯೊಳಗಿನ ರಸ ಕ್ಷಣದಲ್ಲಿ ಉಗಿಯಾಗಿ ಸಿಪ್ಪೆ ಸಿಡಿದು ಹಾರುತ್ತದೆ. ಕಾಂಡದಿಂದ ಪಕ್ಕದ ಪ್ರಾಣಿಗೆ ಕಿಡಿ ನೆಗೆಯುವುದೂ ಉಂಟು. ಕುದುರೆಗಳು ಹತ್ತಿರ ಹೋಗದಂತೆ ಮರದ ಸುತ್ತ ಬೇಲಿ ಹಾಕುವುದು ಅಗ್ಗದ ಉಪಾಯ. ನೆರಳಿಗಾಗಿ ಮರವನ್ನು ಬಿಟ್ಟುಕೊಡಲಾರದವರು ಅದಕ್ಕೇ ತಾಮ್ರದ ಸಿಡಿಲುವಾಹಕವನ್ನು ತೊಡಿಸುತ್ತಾರೆ. ಇದರಿಂದ ಮರ ಉಳಿಯುತ್ತದೆ. ಬುಡದಲ್ಲಿ ನಿಂತ ಕುದುರೆ ಉಳಿಯುತ್ತದೆಂಬ ಭರವಸೆಯನ್ನು ನಾನಂತೂ ಕೊಡಲಾರೆ.

ಬೇಲಿಯದು ಇನ್ನೂ ಮೋಸದ ವ್ಯವಹಾರ. ಮರದ ಗೂಟಗಳ ಮೇಲೆ ಬಿಗಿದ ತಂತಿಗೆ ನೆಲದ ಸಂಪರ್ಕವಿಲ್ಲ. ದೂರದಲ್ಲೆಲ್ಲೋ ಸಿಡಿಲು ತಾಗಿದರೂ ವಿದ್ಯುತ್ತು ತಂತಿಯುದ್ದಕ್ಕೂ ಓಡಿ, ಬೇಲಿಗೆ ಒರಗಿ ನಿಂತ ಮೊದಲ ಪ್ರಾಣಿಯ ಮೂಲಕ ನೆಲಕ್ಕಿಳಿಯುತ್ತದೆ. ಆದ್ದರಿಂದ ಸುಮಾರು 150 ಅಡಿಗೊಂದರಂತೆ ಕಬ್ಬಿಣದ ಸರಳನ್ನು ತಂತಿಗೆ ಜೋಡಿಸಿ ತೇವದ ಮಣ್ಣು ಸಿಕ್ಕುವವರೆಗೆ ಹೂಳಬೇಕು. ಒಣನೆಲದಲ್ಲಿ ಇನ್ನೂ ಹತ್ತಿರ ಹತ್ತಿರ. ನಡುನಡುವೆ ಮರದ ಪಟ್ಟಿ ಹಾಕಿ ತಂತಿಯನ್ನು ತುಂಡರಿಸಿದರೆ ಒಂದೆಡೆಯ ಪೆಟ್ಟು ಹೊಲವನ್ನೆಲ್ಲ ಸುತ್ತುವುದಿಲ್ಲ. ಪ್ರವಾಹ ಹಾಯಿಸುವ ಬೇಲಿಗೆ ಮಾತ್ರ ಈ ಸರಳುಗಳನ್ನು ಜೋಡಿಸಲಾಗದು. ಅದರ ಯಂತ್ರವನ್ನು ಗುಡುಗು ಕೇಳುವ ಮುಂಚೆಯೇ ಕಳಚಿಡಬೇಕು, ಇಲ್ಲದಿದ್ದರೆ ಸಿಡಿಲು ಆ ತಂತಿಯ ಮೂಲಕವೇ ಲಾಯದೊಳಕ್ಕೆ ಬರುತ್ತದೆ.

ಲಾಯಕ್ಕಾದರೋ ಬೆಂಜಮಿನ್ ಫ್ರಾಂಕ್ಲಿನ್ ಹದಿನೆಂಟನೆಯ ಶತಮಾನದಲ್ಲಿಯೇ ತೋರಿದ ದಾರಿಯಿದೆ. ಮಾಡಿನ ಮೇಲೆ ಲೋಹದ ಮೊನೆಗಳು, ಅವುಗಳಿಂದ ಕನಿಷ್ಠ ಎರಡು ಕಡೆ ಇಳಿಯುವ ದಪ್ಪ ವಾಹಕಗಳು, ಕೆಳಗೆ ನೆಲದೊಳಗೆ ಸುಮಾರು ಹತ್ತು ಅಡಿ ಇಳಿದ ಸರಳುಗಳು. ಮೊನೆಯನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನೆಲದೊಳಗಿನ ತುದಿಯನ್ನು ಯಾರೂ ನೋಡುವುದಿಲ್ಲ. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನಿ ರಿಖ್ಮನ್ ತನ್ನ ಮನೆಯ ಮಾಡಿನಿಂದ ಸರಳೊಂದನ್ನು ಒಳಗೆ ತಂದು, ವಿದ್ಯುತ್ತನ್ನು ಅಳೆಯುವುದಕ್ಕಾಗಿ ಅದನ್ನು ಭೂಮಿಗೆ ಜೋಡಿಸದೆ ಬಿಟ್ಟಿದ್ದನು. ಗುಡುಗಿನ ಸಮಯದಲ್ಲಿ ಅದನ್ನು ನೋಡಲು ಬಾಗಿದವನು ಮೇಲೇಳಲಿಲ್ಲ. ಹೊಲ ಅಗೆಯುವಾಗ ತುಂಡಾದ, ತುಕ್ಕು ತಿಂದ ವಾಹಕವಿರುವ ಲಾಯವೂ ರಿಖ್ಮನ್ನನ ಮನೆಯೇ ಸರಿ. ನೀರಿನ ಕೊಳಾಯಿ, ಲೋಹದ ಬಾಗಿಲು, ಕಬ್ಬಿಣದ ಕಟಕಟೆ ಇವೆಲ್ಲವನ್ನೂ ಆ ವಾಹಕಕ್ಕೆ ಜೋಡಿಸಬೇಕು. ಇಲ್ಲವಾದರೆ ಒಂದರಿಂದ ಇನ್ನೊಂದಕ್ಕೆ ಕಿಡಿ ಹಾರಿ ಅಟ್ಟದ ಒಣಹುಲ್ಲು ಹೊತ್ತಿಕೊಂಡೀತು.

ಗುಡುಗು ಬಂದಾಗ ಕುದುರೆಯನ್ನು ಒಳಗೆ ಕಟ್ಟಬೇಕೋ ಹೊರಗೆ ಬಿಡಬೇಕೋ ಎಂಬುದು ಹಳೆಯ ವಾದ. ವಾಹಕ ಸರಿಯಾಗಿರುವ ಲಾಯವಿದ್ದರೆ ಒಳಗೇ ಕ್ಷೇಮ. ವಾಹಕವಿಲ್ಲದ ಒಂಟಿ ಕೊಟ್ಟಿಗೆ ದಿಬ್ಬದ ಮೇಲಿದ್ದರೆ, ಮರವೂ ತಂತಿಯೂ ದೂರವಿರುವ ತಗ್ಗಿನ ಬಯಲು ಅದಕ್ಕಿಂತ ಮೇಲಾದೀತು. ಫ್ಲೋರಿಡಾದ ಅನೇಕರು ಬೇಸಿಗೆಯಲ್ಲಿ ಹಗಲು ಕುದುರೆಗಳನ್ನು ಒಳಗಿಟ್ಟು ರಾತ್ರಿ ಮೇಯಲು ಬಿಡುತ್ತಾರೆ. ಅದು ಬಿಸಿಲಿಗೂ ನೊಣಕ್ಕೂ ಹೆದರಿ ಮಾಡಿದ ಪದ್ಧತಿ, ಆದರೆ ಮಧ್ಯಾಹ್ನದ ಸಿಡಿಲನ್ನೂ ತಪ್ಪಿಸುತ್ತದೆ. ಕಬ್ಬಿಣದ ಲಾಳ ಸಿಡಿಲನ್ನು ಸೆಳೆಯುತ್ತದೆಂದು ಲಾಳ ಕೀಳಿಸುವುದರಿಂದ ಪ್ರಯೋಜನವಿಲ್ಲ. ಸಾವಿರಾರು ವೋಲ್ಟುಗಳ ಮುಂದೆ ಗೊರಸಿನಡಿಯ ತೆಳುವಾದ ಕಬ್ಬಿಣ ಲೆಕ್ಕಕ್ಕೆ ಬಾರದು.

ಕುದುರೆಯನ್ನು ಒಳತರಲು ಗುಡುಗಿನ ನಡುವೆ ಹೊಲಕ್ಕೆ ಓಡುವವನೇ ಹೆಚ್ಚು ಅಪಾಯದಲ್ಲಿರುವವನು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 30 ಸೆಕೆಂಡೆಂದರೆ 10 ಕಿಲೋಮೀಟರು. ಅಷ್ಟು ದೂರದ ಮೋಡವೂ ಮುಂದಿನ ಸಿಡಿಲನ್ನು ನಿಮ್ಮ ಹೊಲಕ್ಕೆ ಕಳುಹಬಲ್ಲದು. ಕೊನೆಯ ಗುಡುಗು ಕೇಳಿದ 30 ನಿಮಿಷಗಳವರೆಗೂ ಒಳಗಿರಬೇಕು. ಬಯಲಿನಲ್ಲಿ ಸಿಕ್ಕಿಬಿದ್ದ ಸವಾರನು ಇಳಿದು, ಕುದುರೆಯಿಂದ ದೂರ ಸರಿದು, ಹತ್ತಿರದ ಗಟ್ಟಿ ಕಟ್ಟಡವನ್ನೋ ಲೋಹದ ಮೈಯ ಮೋಟಾರನ್ನೋ ಸೇರಬೇಕು.

ಸಿಡಿಲು ಬಡಿದು ಬಿದ್ದವನ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆಂದು ಹೆದರಿ ಜನ ದೂರ ನಿಲ್ಲುತ್ತಾರೆ. ಇದು ಪ್ರಾಣಘಾತಕವಾದ ತಪ್ಪು, ಏನೂ ಉಳಿದಿರುವುದಿಲ್ಲ. ಉಸಿರೂ ನಾಡಿಯೂ ನಿಂತಿದ್ದರೆ ಆ ಕ್ಷಣವೇ ಎದೆಯನ್ನು ಒತ್ತಿ ಉಸಿರು ಊದತೊಡಗಬೇಕು. ಹಾಗೆ ಮರಳಿ ಬಂದವರು ಇದ್ದಾರೆ. ಬದುಕುಳಿದ ಕುದುರೆಯನ್ನೂ ಮಾರನೆಯ ದಿನ ಗಮನಿಸಬೇಕು. ತಲೆಯನ್ನು ಒಂದು ಬದಿಗೆ ವಾಲಿಸಿಕೊಂಡು ಕುಡಿದವನಂತೆ ತೂರಾಡುತ್ತಿದ್ದರೆ ಒಳಕಿವಿಯ ಸಮತೋಲದ ಅಂಗಕ್ಕೆ ಏಟು ಬಿದ್ದಿರಬಹುದು. ಅಂಥದನ್ನು ಬಯಲಿಗೆ ಬಿಡದೆ, ಎದ್ದುಬಿದ್ದು ಗಾಯ ಮಾಡಿಕೊಳ್ಳದಂತೆ ದಪ್ಪನಾಗಿ ಹುಲ್ಲು ಹಾಸಿದ ಲಾಯದಲ್ಲಿರಿಸಿ ಪಶುವೈದ್ಯನನ್ನು ಕರೆಸಬೇಕು.