ಹಕ್ಕಿ ಕಿರುಚೋದ್ಯಾಕೆ, ಕಚ್ಚೋದ್ಯಾಕೆ? ಮನೆಯಲ್ಲೇ ಕೂತು ಕಲಿಯೋ ಕೋರ್ಸ್‌ಗಳ ಬಗ್ಗೆ ತಿಳ್ಕೊಳ್ಳಿ

ಅಂಗಡಿಗೆ ಹೋಗಿ ‘ಲವ್ ಬರ್ಡ್ಸ್ ಕೊಡಿ’ ಅಂದರೆ ನಮ್ಮ ಕಡೆ ಹೆಚ್ಚಾಗಿ ಕೈಗೆ ಬರೋದು ಬಜರಿಗರ್, ಅಂದರೆ ಬಜ್ಜಿ. ಅದರ ಮೂಲ ಆಸ್ಟ್ರೇಲಿಯಾ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ತಲೆ ಮೇಲೆ ಜುಟ್ಟು ಇರೋ ಕಾಕಟೀಲ್ ಕೂಡ ಆಸ್ಟ್ರೇಲಿಯಾದ್ದೇ.

ಜೋಡಿ ಮನೆಗೆ ಬಂದ ಮೊದಲ ವಾರ ಎಲ್ಲರಿಗೂ ಖುಷಿ. ಆಮೇಲೆ ದೂರು ಶುರುವಾಗುತ್ತೆ. ಬೆಳಗಾದರೆ ಕಿರುಚುತ್ತೆ, ಕೈ ಹಾಕಿದರೆ ಕಚ್ಚುತ್ತೆ, ತನ್ನ ಪುಕ್ಕ ತಾನೇ ಕೀಳುತ್ತೆ. ಕೊನೆಗೆ ಪಂಜರ ಸಮೇತ ಯಾರಿಗೋ ಕೊಡ್ತಾರೆ, ಇಲ್ಲವೇ ಬಾಗಿಲು ತೆಗೆದು ಹಾರಿಸಿಬಿಡ್ತಾರೆ. ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಹೊರಗೆ ಮೇವು ಹುಡುಕೋದು ಗೊತ್ತಿರಲ್ಲ. ಹಾರಿಸಿದ್ದು ಬಿಡುಗಡೆ ಅಲ್ಲ, ಕಾಗೆ–ಬೆಕ್ಕಿನ ಬಾಯಿಗೆ ಕೊಟ್ಟ ಹಾಗೆ.

ಈ ಸಮಸ್ಯೆಗೆ ಅಂತಲೇ ಒಂದು ಓದು ಇದೆ: ಸಾಕುಹಕ್ಕಿಗಳ ನಡವಳಿಕೆಯ ಅಧ್ಯಯನ. ಅಂಗಡಿ ಮುಚ್ಚಿದ ಮೇಲೆ, ಕೆಲಸ ಮುಗಿದ ಮೇಲೆ ಮೊಬೈಲಲ್ಲೇ ಕಲಿಯಬಹುದು.

ಯಾವ ಕೋರ್ಸ್‌ಗಳಿವೆ?

ಗಿಳಿ ಸಾಕುವವರ ನಡುವೆ ದೊಡ್ಡ ಹೆಸರು ಅಮೆರಿಕದ ಯೂಟಾ ಸ್ಟೇಟ್ ಯೂನಿವರ್ಸಿಟಿಯ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ಸೂಸನ್ ಫ್ರೀಡ್‌ಮನ್ ಅವರದು. ಅವರ ‘ಲಿವಿಂಗ್ ಅಂಡ್ ಲರ್ನಿಂಗ್ ವಿತ್ ಆನಿಮಲ್ಸ್’ ಆನ್‌ಲೈನ್ ಕೋರ್ಸ್ ಪ್ರಾಣಿ–ಪಕ್ಷಿಗಳು ಹೇಗೆ ಕಲಿಯುತ್ತವೆ ಅನ್ನೋದನ್ನು ಹೇಳಿಕೊಡುತ್ತೆ. ಕಾರ್ನೆಲ್ ಯೂನಿವರ್ಸಿಟಿಯ ಪಕ್ಷಿ ಸಂಶೋಧನಾ ಕೇಂದ್ರದ ‘ಬರ್ಡ್ ಅಕಾಡೆಮಿ’ಯಲ್ಲಿ ನಮ್ಮ ಬಿಡುವಿಗೆ ತಕ್ಕಂತೆ ಓದಬಹುದು, ಆದರೆ ಅಲ್ಲಿ ಹೆಚ್ಚಿನದು ಕಾಡು–ಬಯಲಿನ ಹಕ್ಕಿಗಳ ವಿಷಯ. ಪಾಠ ಇರೋದು ಇಂಗ್ಲಿಷಲ್ಲಿ. ಇಗ್ನೋ ಕೊಡೋ ಕೋಳಿ ಸಾಕಣೆ ಸರ್ಟಿಫಿಕೇಟ್ ಬೇರೆ, ಅದು ಫಾರ್ಮ್ ನಡೆಸೋರಿಗೆ.

ಪಾಠದ ತಿರುಳು ಮೂರು ಕಾಲಂ

ಫ್ರೀಡ್‌ಮನ್ ಅವರ ಪಾಠದ ಅಡಿಪಾಯ ಸರಳ. ಒಂದು ನೋಟ್‌ಬುಕ್ ತಗೊಂಡು ಮೂರು ಕಾಲಂ ಎಳೀಬೇಕು. ಮೊದಲನೇದು: ಅದಕ್ಕೂ ಮುಂಚೆ ಏನಾಯ್ತು. ಎರಡನೇದು: ಹಕ್ಕಿ ಏನು ಮಾಡ್ತು. ಮೂರನೇದು: ಆಮೇಲೆ ಅದಕ್ಕೆ ಏನು ಸಿಕ್ತು. ‘ಹಟ ಮಾಡ್ತು’, ‘ಸಿಟ್ಟು ಬಂತು’ ಅಂತೆಲ್ಲ ಬರೆಯೋ ಹಾಗಿಲ್ಲ. ಕಣ್ಣಿಗೆ ಕಂಡಿದ್ದು, ಕಿವಿಗೆ ಕೇಳಿದ್ದು ಮಾತ್ರ ಬರೀಬೇಕು.

ಕಿರುಚೋದನ್ನೇ ನೋಡಿ. ಇವು ಗುಂಪಲ್ಲಿ ಬದುಕೋ ಹಕ್ಕಿಗಳು. ಜೊತೆಯವರು ಕಣ್ಮರೆಯಾದರೆ ‘ಎಲ್ಲಿದ್ದೀಯ’ ಅಂತ ಕೂಗ್ತವೆ. ನೀವು ಅಡುಗೆಮನೆಗೆ ಹೋದ್ರಿ (ಮೊದಲು), ಹಕ್ಕಿ ಕೂಗ್ತು (ನಡವಳಿಕೆ), ನೀವು ಓಡಿ ಬಂದು ‘ಏಯ್, ಸುಮ್ನಿರು’ ಅಂತ ಗದರಿದ್ರಿ (ಆಮೇಲೆ). ನಿಮ್ಮ ಪ್ರಕಾರ ಅದು ಬೈಗುಳ. ಹಕ್ಕಿ ಲೆಕ್ಕದಲ್ಲಿ, ಕೂಗಿದ್ದಕ್ಕೆ ನೀವು ಬಂದ್ರಿ. ಒಂದು ದಿನ ಬಂದು ಇನ್ನೊಂದು ದಿನ ಬರದಿದ್ದರೆ ಚಾಳಿ ಇನ್ನೂ ಗಟ್ಟಿಯಾಗುತ್ತೆ. ಇಸ್ಪೀಟಲ್ಲಿ ಯಾವಾಗಲೋ ಒಮ್ಮೆ ಗೆದ್ದವನು ಮತ್ತೆ ಮತ್ತೆ ಕೂರೋ ಹಾಗೆ.

ಪರಿಹಾರವೂ ಅದೇ ಕಾಲಂಗಳಲ್ಲಿದೆ. ರೂಮಿಂದ ಹೋಗುವಾಗ ಒಂದು ಸಿಳ್ಳೆ ಹಾಕಿ. ಹಕ್ಕಿ ಮೆಲ್ಲಗೆ ಚಿಲಿಪಿಲಿ ಅಂದಾಗ ತಕ್ಷಣ ಉತ್ತರ ಕೊಡಿ. ಕಿರುಚಾಟಕ್ಕೆ ಮಾತ್ರ ಓಡಿ ಬರಬೇಡಿ.

ಕಚ್ಚೋದೂ ಹಾಗೇ. ಕಚ್ಚೋಕೆ ಮುಂಚೆ ಹಕ್ಕಿ ಸಾಮಾನ್ಯವಾಗಿ ಹಿಂದಕ್ಕೆ ವಾಲುತ್ತೆ, ಪುಕ್ಕ ಮೈಗೆ ಅಂಟಿಸಿಕೊಳ್ಳುತ್ತೆ. ಕಾಕಟೀಲ್ ಆದರೆ ಜುಟ್ಟು ತಲೆಗೆ ಒತ್ತಿ ಬುಸುಗುಡುತ್ತೆ. ಅದನ್ನು ಲೆಕ್ಕಿಸದೆ ಕೈ ಮುಂದೆ ತಂದು, ಕಚ್ಚಿದ ಮೇಲೆ ಹಿಂದಕ್ಕೆ ಎಳೆದರೆ ‘ಕಚ್ಚಿದ್ರೇನೇ ಕೈ ಹೋಗೋದು’ ಅಂತ ಹಕ್ಕಿ ಕಲಿಯುತ್ತೆ. ಬದಲಿಗೆ ಹಿಂದೆ ವಾಲಿದ ಕ್ಷಣವೇ ಕೈ ನಿಲ್ಲಿಸಿ. ದಿನಾ ಒಂದು ನವಣೆ ತೆನೆ ಹಿಡಿದು ದೂರದಲ್ಲಿ ಕೂತು, ಸ್ವಲ್ಪ ಸ್ವಲ್ಪವೇ ಹತ್ತಿರ ಬನ್ನಿ.

ಹಕ್ಕಿಗೆ ಇಷ್ಟೆಲ್ಲ ಬುದ್ಧಿ ಇದ್ಯಾ ಅಂತ ಕೇಳೋರಿಗೆ ಅಲೆಕ್ಸ್ ಅನ್ನೋ ಆಫ್ರಿಕನ್ ಗ್ರೇ ಗಿಳಿಯ ಉದಾಹರಣೆ ಇದೆ. ಐರಿನ್ ಪೆಪ್ಪರ್‌ಬರ್ಗ್ 1977ರಲ್ಲಿ ಅದನ್ನು ಷಿಕಾಗೋದ ಒಂದು ಪೆಟ್ ಶಾಪ್‌ನಲ್ಲಿ ಕೊಂಡರು. 2007ರಲ್ಲಿ ಸಾಯೋ ಹೊತ್ತಿಗೆ ಅದು ಸುಮಾರು 100 ಪದ ಕಲಿತಿತ್ತು, ಬಣ್ಣ, ಆಕಾರ ಗುರುತಿಸಿ ಹೇಳ್ತಿತ್ತು. ಇಂಥ ತಲೆಗೆ ದಿನವಿಡೀ ಖಾಲಿ ಕಡ್ಡಿ ಮೇಲೆ ಕೂರೋದೇ ಶಿಕ್ಷೆ. ಕಾಳನ್ನು ಬಟ್ಟಲಿಗೆ ಸುರಿಯೋ ಬದಲು ಕಾಗದದಲ್ಲಿ ಸುತ್ತಿ ಇಟ್ಟರೆ ಹುಡುಕೋ ಕೆಲಸ ಸಿಗುತ್ತೆ.

ಮೊದಲು ಡಾಕ್ಟರ್

ಪುಕ್ಕ ಕೀಳೋದೆಲ್ಲ ಬೇಜಾರಿಂದಲೇ ಅಲ್ಲ. ಹೇನು, ಚರ್ಮದ ಸೋಂಕು, ಒಳಗಿನ ಕಾಯಿಲೆಯೂ ಕಾರಣ ಇರಬಹುದು. ಹಕ್ಕಿಗಳು ಕಾಯಿಲೆ ಮುಚ್ಚಿಡ್ತವೆ. ಹಗಲಲ್ಲೂ ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ ಕಾಯಬೇಡಿ, ಪಶುವೈದ್ಯರಿಗೆ ತೋರಿಸಿ. ಬಜ್ಜಿಯ ತೂಕ ಸಾಮಾನ್ಯವಾಗಿ 30–40 ಗ್ರಾಂ ಮಾತ್ರ. ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಇಳಿಕೆ ಬೇಗ ಗೊತ್ತಾಗುತ್ತೆ.

ಇನ್ನೊಂದು ಮಾತು. ಈ ಕೋರ್ಸ್ ಮಾಡಿದವರು ಔಷಧಿ ಕೊಡೋ ಹಾಗಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪ್ರಕಾರ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ.

ಅಂಗಡಿಯವರ ಗಮನಕ್ಕೆ

2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಹಕ್ಕಿ ಮಾರೋ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ನಮ್ಮ ಹೊಲ–ತೋಟದಲ್ಲಿ ಕಾಣೋ ಹಸಿರು ಗಿಳಿ, ಕೆಂಪು ಕೊಕ್ಕಿನದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತೆ. ಹಿಡಿಯೋದು, ಮಾರೋದು, ಪಂಜರದಲ್ಲಿ ಇಡೋದು ಅಪರಾಧ. ಆಫ್ರಿಕನ್ ಗ್ರೇ, ಮಕಾವ್ ತರದ ವಿದೇಶಿ ಗಿಳಿ ಇದ್ದರೆ 2024ರ ನಿಯಮದಂತೆ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬಜ್ಜಿ, ಕಾಕಟೀಲ್ ಈ ನೋಂದಣಿ ಪಟ್ಟಿಯಲ್ಲಿಲ್ಲ.

ನಡವಳಿಕೆ ಗೊತ್ತಿರೋ ಅಂಗಡಿಯವರಿಗೆ ಲಾಭವೂ ಇದೆ. ಹಕ್ಕಿ ಜೊತೆ ನಾಲ್ಕು ಮಾತು ಹೇಳಿ ಕಳಿಸಿದರೆ ಗಿರಾಕಿ ಕಾಳು ತಗೊಳ್ಳೋಕೆ ತಿಂಗಳು ತಿಂಗಳು ಬರ್ತಾನೆ.

ಫೀಸ್ ಕಟ್ಟೋ ಮುಂಚೆ

- ಪಾಠ ಮಾಡೋರು ಯಾರು, ಅವರ ಓದು ಏನು ಅಂತ ನೋಡಿ.
- ನಿಮ್ಮದೇ ಹಕ್ಕಿಯನ್ನು ಗಮನಿಸಿ ಬರೆಯೋ ಕೆಲಸ ಇದ್ಯಾ, ಅದನ್ನು ಯಾರು ಓದಿ ತಿದ್ದುತ್ತಾರೆ ಅಂತ ಕೇಳಿ. ಬರೀ ವಿಡಿಯೋ ಇದ್ದರೆ ದುಡ್ಡು ದಂಡ.
- ಫೀಸ್ ಡಾಲರಲ್ಲಿದ್ದರೆ ಬ್ಯಾಂಕ್ ಚಾರ್ಜ್ ಸೇರಿಸಿ ಲೆಕ್ಕ ಹಾಕಿ.
- ಇವು ಡಿಗ್ರಿ ಅಲ್ಲ. ಎರಡೇ ದಿನಕ್ಕೆ ‘ಇಂಟರ್‌ನ್ಯಾಷನಲ್ ಡಿಪ್ಲೊಮಾ’, ಕೆಲಸ ಗ್ಯಾರಂಟಿ ಅನ್ನೋ ಜಾಹೀರಾತು ನಂಬಬೇಡಿ.

ದುಡ್ಡು ಕಟ್ಟೋಕೆ ಮೊದಲು ಏಳು ದಿನ ಮೂರು ಕಾಲಂ ತುಂಬಿಸಿ ನೋಡಿ. ಖರ್ಚು ಒಂದು ನೋಟ್‌ಬುಕ್, ಒಂದು ಪೆನ್ನು. ಕೋರ್ಸ್ ನಿಮಗೆ ಹೊಂದುತ್ತಾ ಇಲ್ವಾ ಅಂತ ಅಷ್ಟರಲ್ಲೇ ಗೊತ್ತಾಗುತ್ತೆ. ಹಕ್ಕಿ ಹುಷಾರು ತಪ್ಪಿದರೆ ಡಾಕ್ಟರ್ ಮುಂದೆ ಇಡೋಕೂ ಆ ಪುಸ್ತಕ ಉಪಯೋಗಕ್ಕೆ ಬರುತ್ತೆ.