ಟಿ.ವಿ. ವಾರ್ತೆ ನಮ್ಮ ಮನೆಗೆ ಬಂದ ದಾರಿ



ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ. ಯಾವ ಬೀದಿಗಾದರೂ ಹೋಗಿ, ಒಮ್ಮೆ ತಲೆ ಎತ್ತಿ ನೋಡಿ. ಕಂಬದಿಂದ ತಾರಸಿಗೆ, ತಾರಸಿಯಿಂದ ಇನ್ನೊಂದು ಮನೆಗೆ ಕಪ್ಪು ವೈರು ಹೋಗಿರುತ್ತೆ. ಅದೇ ಕೇಬಲ್. ಅದರಲ್ಲಿ ಸಿನಿಮಾ ಬರುತ್ತೆ, ಧಾರಾವಾಹಿ ಬರುತ್ತೆ. ವಾರ್ತೆಯೂ ಬರುತ್ತೆ.

ಈ ವಾರ್ತೆ ಕನ್ನಡದಲ್ಲಿ ಯಾವಾಗ ಬಂತು? ಅದನ್ನು ಯಾರು ತಯಾರು ಮಾಡ್ತಾರೆ? ಟಿ.ವಿ.ಯಲ್ಲಿ ಬಂದದ್ದೆಲ್ಲ ನಿಜ ಅಂತ ನಂಬಬಹುದೇ? ಬನ್ನಿ, ತಿಳಿಯೋಣ.

ಟಿ.ವಿ. ಇಲ್ಲದ ಕಾಲ

ಮೊದಲು ವಾರ್ತೆ ಅಂದರೆ ಪತ್ರಿಕೆ. ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ‘ಪ್ರಜಾವಾಣಿ’ ಶುರುವಾಯಿತು. ಆದರೆ ಪತ್ರಿಕೆ ಓದಲು ಅಕ್ಷರ ಬೇಕು. ಅಕ್ಷರ ಬಾರದ ಹೆಂಗಸರಿಗೆ ಮನೆಯವರು ಯಾರಾದರೂ ಓದಿ ಹೇಳಬೇಕಿತ್ತು. ಅವರು ಓದಿದ್ದು ಗೊತ್ತಾಗುತ್ತಿತ್ತು. ಬಿಟ್ಟದ್ದು ಗೊತ್ತಾಗುತ್ತಿರಲಿಲ್ಲ.

1955ರಲ್ಲಿ ಬೆಂಗಳೂರು ಆಕಾಶವಾಣಿ ಬಂತು. ರೇಡಿಯೋ ಕೇಳಲು ಅಕ್ಷರ ಬೇಕಿಲ್ಲ. ಕಿವಿ ಇದ್ದರೆ ಸಾಕು. ರಾಗಿ ಬೀಸುತ್ತಾ, ಸೊಪ್ಪು ಬಿಡಿಸುತ್ತಾ ವಾರ್ತೆ ಕೇಳಬಹುದಿತ್ತು.

ದೂರದರ್ಶನ ಬಂತು

ನಮ್ಮ ದೇಶದಲ್ಲಿ ಟಿ.ವಿ. ಮೊದಲು ಕಂಡದ್ದು ದೆಹಲಿಯಲ್ಲಿ, 1959ರಲ್ಲಿ. ಕರ್ನಾಟಕದಲ್ಲಿ ಅದು ಮೊದಲು ಬೆಂಗಳೂರಿಗೆ ಬಂತು ಅಂತ ನೀವು ಅಂದುಕೊಂಡಿರಬಹುದು. ಹಾಗಲ್ಲ! ಹಳ್ಳಿಗೆ ಮೊದಲು ಬಂತು. 1975-76ರಲ್ಲಿ ಸರ್ಕಾರ ಒಂದು ಪ್ರಯೋಗ ಮಾಡಿತು. ಉಪಗ್ರಹದ ಮೂಲಕ 6 ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿತು. ಉಪಗ್ರಹ ಅಂದ್ರೆ ಆಕಾಶದಲ್ಲಿ ಭೂಮಿಯನ್ನು ಸುತ್ತುವ ಯಂತ್ರ. ಆ ಹಳ್ಳಿಗಳಲ್ಲಿ ನಮ್ಮ ರಾಯಚೂರು, ಕಲಬುರಗಿ, ವಿಜಯಪುರದ ಕಡೆಯ ಹಳ್ಳಿಗಳೂ ಇದ್ದವು. ಊರಿಗೆಲ್ಲ ಒಂದೇ ಟಿ.ವಿ. ಊರವರೆಲ್ಲ ಕೂಡಿ ನೋಡುತ್ತಿದ್ದರು.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅಂದು ರಾಜ್ಯೋತ್ಸವ. ಮುಂದೆ ಸಂಜೆ ಹೊತ್ತು ಕನ್ನಡ ವಾರ್ತೆಯೂ ಬಂತು. ಅದಕ್ಕೆ ಒಂದು ನಿಗದಿಯಾದ ಹೊತ್ತು. ಆ ಹೊತ್ತು ತಪ್ಪಿದರೆ ವಾರ್ತೆ ತಪ್ಪಿತು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಟಿ.ವಿ. ಇರಲಿಲ್ಲ. ಇದ್ದವರ ಮನೆಯ ನಡುಮನೆಯಲ್ಲಿ ಅಕ್ಕಪಕ್ಕದವರೂ ಕೂತು ನೋಡುತ್ತಿದ್ದರು.

ಆದರೆ ದೂರದರ್ಶನ ಸರ್ಕಾರದ್ದು. ಸರ್ಕಾರದ ತಪ್ಪನ್ನು ಸರ್ಕಾರದ ವಾರ್ತೆ ಎಷ್ಟು ಹೇಳೀತು? ಈ ಪ್ರಶ್ನೆ ಜನರಲ್ಲಿ ಇತ್ತು.

ಕೇಬಲ್ ಬಂತು

1991ರಲ್ಲಿ ಕೊಲ್ಲಿ ಯುದ್ಧ ನಡೆಯಿತು. ಯುದ್ಧದ ಚಿತ್ರಗಳನ್ನು ಹೊರದೇಶದ ಚಾನೆಲ್ ನೇರವಾಗಿ ತೋರಿಸಿತು. ಅಂಥ ಚಾನೆಲ್ ನೋಡಲು ದೊಡ್ಡ ಡಿಷ್ ಬೇಕು. ಡಿಷ್ ಅಂದ್ರೆ ದೊಡ್ಡ ಬಾಣಲೆಯ ಹಾಗೆ ಇರುತ್ತೆ. ಆಕಾಶದ ಉಪಗ್ರಹದಿಂದ ಬರುವ ಚಿತ್ರವನ್ನು ಅದು ಹಿಡಿಯುತ್ತೆ. ಪ್ರತಿ ಮನೆಯವರೂ ಅದನ್ನು ಕೊಳ್ಳಲು ಆಗುತ್ತಾ? ಅದಕ್ಕೇ ಬಡಾವಣೆಗೆ ಒಬ್ಬರು ತಾರಸಿ ಮೇಲೆ ಡಿಷ್ ಹಾಕಿದರು. ಅಲ್ಲಿಂದ ಮನೆಮನೆಗೆ ವೈರು ಎಳೆದರು. ತಿಂಗಳಿಗೆ ಇಷ್ಟು ಅಂತ ದುಡ್ಡು ತಗೊಂಡರು. ಅವರೇ ನಮ್ಮ ‘ಕೇಬಲ್‌ನವರು’.

1994ರಲ್ಲಿ ‘ಉದಯ ಟಿ.ವಿ.’ ಬಂತು. ಉಪಗ್ರಹದಿಂದ ಬಂದ ಮೊದಲ ಖಾಸಗಿ ಕನ್ನಡ ಚಾನೆಲ್ ಅದು. ಅದರಲ್ಲಿ ಕನ್ನಡ ವಾರ್ತೆಯೂ ಬಂತು. ಅಲ್ಲಿಯವರೆಗೆ ಟಿ.ವಿ.ಯ ಕನ್ನಡ ವಾರ್ತೆ ಅಂದರೆ ದೂರದರ್ಶನ ಒಂದೇ. ಈಗ ಎರಡಾಯಿತು. ಒಂದರಲ್ಲಿ ಬಿಟ್ಟದ್ದು ಇನ್ನೊಂದರಲ್ಲಿ ಸಿಗಬಹುದು ಅನ್ನುವ ಆಸೆ ಬಂತು. ದೂರದರ್ಶನವೂ ಅದೇ ವರ್ಷ ಕನ್ನಡಕ್ಕೆ ಬೇರೆ ಚಾನೆಲ್ ಕೊಟ್ಟಿತು. ಅದೇ ಈಗಿನ ‘ಚಂದನ’.

ಹತ್ತು ನಿಮಿಷದ ವಾರ್ತೆ, ಉರಿದ ಊರು

1994ರಲ್ಲೇ ನಮ್ಮ ಊರು ಒಂದು ದುಃಖ ಕಂಡಿತು. ಅದನ್ನು ಮರೆಯಬಾರದು.

ಆ ವರ್ಷ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನದಲ್ಲಿ ಉರ್ದು ವಾರ್ತೆ ಶುರುವಾಯಿತು. ದಿನಕ್ಕೆ 10 ನಿಮಿಷ. ಜನ ಹೆಚ್ಚು ನೋಡುವ ಸಂಜೆ ಹೊತ್ತು. ಇದಕ್ಕೆ ವಿರೋಧ ಎದ್ದಿತು. ವಿರೋಧ ಗಲಭೆಯಾಯಿತು. 20ಕ್ಕೂ ಹೆಚ್ಚು ಜನ ಸತ್ತರು. ಆ ವಾರ್ತೆ ನಿಂತುಹೋಯಿತು.

ವಾರ್ತೆ ನಿಂತಿತು, ಸರಿ. ಸತ್ತವರು ಬರುತ್ತಾರೆಯೇ? ಅವರಿಗೂ ತಾಯಿ, ಹೆಂಡತಿ, ಮಕ್ಕಳು ಇದ್ದರಲ್ಲ. ಕನ್ನಡ ನಮಗೆ ಬೇಕು. ಕನ್ನಡದಲ್ಲಿ ವಾರ್ತೆ ಬೇಕು ಅಂತ ನಾವು ಆಸೆಪಟ್ಟಿದ್ದೇವೆ. ಪಕ್ಕದ ಮನೆಯ ತಾಯಿಗೂ ತನ್ನ ಭಾಷೆಯ ಮೇಲೆ ಅಂಥದ್ದೇ ಆಸೆ ಇರುತ್ತೆ. ಯಾವ ವಾರ್ತೆಯೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ದಿನವಿಡೀ ವಾರ್ತೆ

1995ರಲ್ಲಿ ಕೇಬಲ್‌ಗೆ ಕಾಯಿದೆ ಬಂತು. ಅದೇ ವರ್ಷ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಗಾಳಿಯಲ್ಲಿ ಹೋಗುವ ರೇಡಿಯೋ, ಟಿ.ವಿ. ಅಲೆಗಳು ಜನರ ಆಸ್ತಿ, ಸರ್ಕಾರ ಒಂದರದ್ದೇ ಅಲ್ಲ ಅಂತ.

2000ದಲ್ಲಿ ‘ಈಟಿವಿ ಕನ್ನಡ’ ಬಂತು. ಅದರಲ್ಲಿ ಜಿಲ್ಲೆಗಳ ಸುದ್ದಿಗೂ ಜಾಗ ಸಿಕ್ಕಿತು. ಆಮೇಲೆ ಸುದ್ದಿಗೇ ಮೀಸಲಾದ ಚಾನೆಲ್‌ಗಳು ಬಂದವು. 2006ರಲ್ಲಿ ‘ಟಿವಿ9’, 2008ರಲ್ಲಿ ‘ಸುವರ್ಣ ನ್ಯೂಸ್’, 2012ರಲ್ಲಿ ‘ಪಬ್ಲಿಕ್ ಟಿವಿ’. ಇವು ಹಗಲೂ ರಾತ್ರಿ ನಡೆಯುತ್ತವೆ. ಎಲ್ಲವೂ ಉಳಿಯಲಿಲ್ಲ. ಉದಯದವರ ವಾರ್ತಾ ಚಾನೆಲ್ 2017ರಲ್ಲಿ ಮುಚ್ಚಿತು.

24 ಗಂಟೆ ತುಂಬಿಸುವಷ್ಟು ದೊಡ್ಡ ಸುದ್ದಿ ದಿನಾ ಇರುತ್ತಾ? ಇರಲ್ಲ. ಆಗ ಒಂದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸ್ತಾರೆ. ಚಿಕ್ಕ ಮಾತನ್ನು ದೊಡ್ಡ ಜಗಳ ಮಾಡ್ತಾರೆ. ಯಾಕೆ? ಚಾನೆಲ್‌ಗೆ ದುಡ್ಡು ಬರುವುದು ಹೆಚ್ಚಾಗಿ ಜಾಹೀರಾತಿನಿಂದ. ಸೋಪು, ಸೀರೆ, ಚಿನ್ನದ ಜಾಹೀರಾತು. ಜನ ಹೆಚ್ಚು ನೋಡಿದಷ್ಟೂ ಜಾಹೀರಾತಿನ ಬೆಲೆ ಏರುತ್ತೆ. ನಾವು ಗಾಬರಿಯಾದರೆ ಟಿ.ವಿ. ಮುಂದೆಯೇ ಕೂತಿರುತ್ತೇವೆ. ಅದು ಅವರಿಗೆ ಗೊತ್ತು.

ವಾರ್ತೆ ತಯಾರಾಗುವುದು ಹೇಗೆ?

ವರದಿಗಾರರು ಜಾಗಕ್ಕೆ ಹೋಗಿ ಸುದ್ದಿ ತರುತ್ತಾರೆ. ಕ್ಯಾಮರಾದವರು ಚಿತ್ರ ತರುತ್ತಾರೆ. ಸಂಪಾದಕರು ಆರಿಸುತ್ತಾರೆ. ಯಾವುದು ಮೊದಲು, ಯಾವುದು ಕೊನೆಗೆ, ಯಾವುದು ಬೇಡ ಅಂತ ತೀರ್ಮಾನ ಮಾಡ್ತಾರೆ. ಆಮೇಲೆ ಬರೆಯುತ್ತಾರೆ. ಕೊನೆಗೆ ವಾರ್ತೆ ಹೇಳುವವರು ಬರುತ್ತಾರೆ.

ಅವರು ಕಾಗದ ನೋಡದೆ ಅಷ್ಟೊಂದು ಹೇಗೆ ಹೇಳ್ತಾರೆ? ಬಾಯಿಪಾಠ ಮಾಡಿರುತ್ತಾರಾ? ಇಲ್ಲ. ಕ್ಯಾಮರಾದ ಮುಂದೆ ಒಂದು ಗಾಜು ಇರುತ್ತೆ. ಅದರ ಮೇಲೆ ಅಕ್ಷರಗಳು ಸಾಲುಸಾಲಾಗಿ ಮೇಲೇರುತ್ತವೆ. ಅವನ್ನು ನೋಡಿ ಓದುತ್ತಾರೆ. ನೀವು ಈ ಪುಸ್ತಕ ಓದುತ್ತಿದ್ದೀರಲ್ಲ, ಹಾಗೆಯೇ!

ಅಂದರೆ ಟಿ.ವಿ. ವಾರ್ತೆಯೂ ಯಾರೋ ಆರಿಸಿ, ಬರೆದು, ನಮಗೆ ಓದಿ ಹೇಳುವ ಮಾತು. ಹಿಂದೆ ಮನೆಯವರು ಪತ್ರಿಕೆ ಓದಿ ಹೇಳಿದ ಹಾಗೆ. ಅವರು ಬಿಟ್ಟದ್ದು ಏನು? ಅದನ್ನು ತಿಳಿಯಲು ನಾವೇ ಓದಬೇಕು.

ನಾವು ಏನು ಮಾಡಬಹುದು?

ವಾರ್ತೆ ನೋಡುವಾಗ ನಾಲ್ಕು ಪ್ರಶ್ನೆ ಕೇಳೋಣ.

ಇದು ಎಲ್ಲಿ, ಯಾವಾಗ ನಡೆಯಿತು?
ಇದನ್ನು ಕಣ್ಣಾರೆ ಕಂಡವರು ಯಾರು?
ಎರಡು ಕಡೆಯವರ ಮಾತೂ ಕೇಳಿಸಿದರಾ?
ಇದು ನಡೆದ ಸಂಗತಿಯೋ, ಬರೀ ಅನುಮಾನವೋ?

ಪರದೆಯ ಕೆಳಗೆ ಅಕ್ಷರದ ಪಟ್ಟಿ ಓಡುತ್ತೆ ನೋಡಿ. ದಿನಕ್ಕೆ ಒಂದು ಸಾಲಾದರೂ ಓದಿ. ಮೊದಲು ಅದು ಬೇಗ ಓಡಿದ ಹಾಗೆ ಅನಿಸುತ್ತೆ. ದಿನಾ ಓದಿದರೆ ಕಣ್ಣು ಪಳಗುತ್ತೆ. ಮಾರನೇ ದಿನ ಅದೇ ಸುದ್ದಿಯನ್ನು ಪತ್ರಿಕೆಯಲ್ಲಿ ಹುಡುಕಿ. ಎರಡೂ ಒಂದೇ ಹೇಳುತ್ತವೆಯೇ?

ಇನ್ನೂ ಮೂರು ಮಾತು ನೆನಪಿರಲಿ.

ಬೆಂಗಳೂರಿಗೆ 2013ರಲ್ಲಿ ಕೇಬಲ್‌ಗೆ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರಿಂದ ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳನ್ನು ನಾವೇ ಆರಿಸಬಹುದು. ಬೇಡದ್ದನ್ನು ಬಿಡಬಹುದು. ಕೇಬಲ್‌ನವರ ಹತ್ತಿರ ಬೆಲೆಪಟ್ಟಿ ಕೇಳಿ. ನೀವೇ ಓದಿ. ದುಡ್ಡು ಕೊಟ್ಟರೆ ರಸೀದಿ ಕೇಳಿ.

‘ಚಂದನ’ಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ.

ಯಾವುದೋ ಚಾನೆಲ್ ಜಾತಿ, ಧರ್ಮ ಎತ್ತಿ ಕೆಟ್ಟದಾಗಿ ಮಾತಾಡಿತು ಅನ್ನಿ. ಹೆಣ್ಣನ್ನು ಹೀನಾಯವಾಗಿ ತೋರಿಸಿತು ಅನ್ನಿ. ಸುಮ್ಮನಿರಬೇಕಿಲ್ಲ. ಮೊದಲು ಆ ಚಾನೆಲ್‌ಗೇ ದೂರು ಬರೆಯಬಹುದು. 2021ರ ನಿಯಮದ ಪ್ರಕಾರ ಅವರು 15 ದಿನದೊಳಗೆ ತೀರ್ಮಾನ ತಿಳಿಸಬೇಕು. ದೂರಿನಲ್ಲಿ ಚಾನೆಲ್ ಹೆಸರು, ಕಾರ್ಯಕ್ರಮದ ಹೆಸರು, ತಾರೀಖು, ಹೊತ್ತು ಬರೆಯಿರಿ. ಯಾವ ಮಾತು ತಪ್ಪು ಅನಿಸಿತು ಅಂತ ಬರೆಯಿರಿ. ಕೆಳಗೆ ಸಹಿ ಹಾಕಿ. ಹೆಬ್ಬೆಟ್ಟಲ್ಲ, ಸಹಿ!

ಕೂಡಿ ಮಾತಾಡೋಣ

1. ನಿನ್ನೆ ನೀವು ನೋಡಿದ ವಾರ್ತೆಯಲ್ಲಿ ಮೊದಲ ಸುದ್ದಿ ಯಾವುದು? ಅದು ಯಾಕೆ ಮೊದಲು ಬಂತು?
2. ನಿಮ್ಮ ಬೀದಿಯ ನೀರು, ಕಸ, ರೇಷನ್ನಿನ ತೊಂದರೆ ಎಂದಾದರೂ ವಾರ್ತೆಯಲ್ಲಿ ಬಂದಿದೆಯೇ?
3. ನೀವೇ ಸಂಪಾದಕರಾದರೆ ಇವತ್ತಿನ ಮೊದಲ ಸುದ್ದಿ ಏನು? ಐದು ಸಾಲಿನಲ್ಲಿ ಬರೆದು, ಎಲ್ಲರಿಗೂ ಕೇಳುವಂತೆ ಓದಿ.