ಹುಬ್ಬಳ್ಳಿಗೆ ಬಂದ ಗುಲಾಬಿ ಪೊಟ್ಟಣಗಳು

2009ನೆಯ ಇಸವಿಯ ಫೆಬ್ರುವರಿಯ ನಡುವಣ ವಾರದಲ್ಲಿ ಹುಬ್ಬಳ್ಳಿಯ ಟಪಾಲಿನವರೂ ಕುರಿಯರಿನವರೂ ಹೊತ್ತು ತಿರುಗಿದ ಸರಕಿನಂಥ ಸರಕನ್ನು ಆ ವ್ಯಾಪಾರದ ಊರು ಅದಕ್ಕೆ ಮೊದಲು ಕಂಡುದಿಲ್ಲ, ಆಮೇಲೆಯೂ ಕಂಡಿರಲಾರದು. ಅರಳೆ, ಶೇಂಗಾ, ಒಣಮೆಣಸಿನಕಾಯಿಗಳ ಪೇಟೆಯೆಂದೇ ಹೆಸರಾದ ಆ ನಗರಕ್ಕೆ ದೇಶದ ನಾನಾ ಪಟ್ಟಣಗಳಿಂದ ಬಂದಿಳಿದ ಪೊಟ್ಟಣಗಳಲ್ಲಿದ್ದುದು ಗುಲಾಬಿ ಬಣ್ಣದ ಚಡ್ಡಿಗಳು. ಅವುಗಳ ಮೇಲಿದ್ದ ವಿಳಾಸ ಶ್ರೀರಾಮ ಸೇನೆಯೆಂಬ ಹಿಂದುತ್ವವಾದಿ ಸಂಘಟನೆಯ ಕಚೇರಿಯದು. ಅವನ್ನು ಕಳುಹಿಸಿದ ಸ್ತ್ರೀಯರಾದರೋ ಬಹುಮಟ್ಟಿಗೆ ಹುಬ್ಬಳ್ಳಿಯನ್ನು ನಕಾಶೆಯಲ್ಲಿಯೂ ಹುಡುಕಿ ನೋಡದಿದ್ದವರು. ಗದಗದ ಮಗ್ಗುಲಿನ ನಮ್ಮ ಹೊಂಬಳಕ್ಕೆ ಈ ಸುದ್ದಿ ದಿನಪತ್ರಿಕೆಯ ಮೂಲಕ ತಲುಪಿದಾಗ ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು, “ಅಲ್ಲೋ ತಮ್ಮಾ, ಜಗಳಾ ಮಾಡೋದಿದ್ರ ಬಾಯಿಲೆ ಮಾಡಬೇಕು, ಇಲ್ಲಾ ಕೈಲೆ ಮಾಡಬೇಕು. ಟಪಾಲಿನ್ಯಾಗ ಹಾಕಿ ಕಳಸೂ ಜಗಳಾನ ನಾ ಇದ ಮೊದಲ ಕೇಳಿದ್ದು” ಎಂದು ನಕ್ಕುದು ನನಗೆ ನೆನಪಿದೆ. ಆ ನಗೆಯಲ್ಲಿ ತಿರಸ್ಕಾರವೆಷ್ಟಿತ್ತೋ ಬೆರಗೂ ಅಷ್ಟೇ ಇತ್ತು.

ಈ ಪ್ರಸಂಗದ ಬೇರು ಮಂಗಳೂರಿನಲ್ಲಿದೆ. ಅದೇ ವರ್ಷದ ಜನವರಿ 24ರಂದು ಅಲ್ಲಿಯ ‘ಅಮ್ನೀಸಿಯಾ’ ಎಂಬ ಪಬ್ಬಿಗೆ ಶ್ರೀರಾಮ ಸೇನೆಯ ಕಾರ್ಯಕರ್ತರ ಗುಂಪೊಂದು ನುಗ್ಗಿ, ಒಳಗಿದ್ದ ತರುಣ ತರುಣಿಯರನ್ನು ಥಳಿಸಿ, ಓಡಿಹೋಗುತ್ತಿದ್ದ ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆದುದನ್ನು ಟಿ.ವಿ. ಕ್ಯಾಮೆರಾಗಳು ಸೆರೆಹಿಡಿದವು, ದೇಶವೆಲ್ಲ ಅದನ್ನು ಮನೆಯ ಪಡಸಾಲೆಯಲ್ಲಿ ಕುಳಿತು ಮತ್ತೆ ಮತ್ತೆ ನೋಡಿತು. ಸೇನೆಯ ನಾಯಕ ಪ್ರಮೋದ ಮುತಾಲಿಕರು ಅಷ್ಟಕ್ಕೇ ಸುಮ್ಮನಾಗದೆ, ಫೆಬ್ರುವರಿ 14ರ ಪ್ರೇಮಿಗಳ ದಿನದಂದು ಜೋಡಿಯಾಗಿ ತಿರುಗುವವರು ಕಂಡುಬಂದರೆ ಅರಿಶಿನದ ಕೊಂಬು, ತಾಳಿಗಳೊಡನೆ ಪುರೋಹಿತರನ್ನೂ ಕರೆತಂದು ಅಲ್ಲಿಯೇ ಮದುವೆ ಮಾಡಿಸಿಬಿಡುವೆವೆಂದು ಸಾರಿದರು. ಆಗಿನ ಕೇಂದ್ರ ಮಹಿಳಾ ಮತ್ತು ಶಿಶು ಅಭಿವೃದ್ಧಿ ಸಚಿವೆ ರೇಣುಕಾ ಚೌಧರಿಯವರು ಸತ್ಯಾಗ್ರಹದ ಕಾಲದ ಜೈಲ್ ಭರೋ ಕರೆಯನ್ನೇ ತಿರುವಿ, ತರುಣಿಯರು ಪಬ್ಬುಗಳನ್ನು ತುಂಬಲಿ ಎಂದರು. ಸಂಪಾದಕೀಯಗಳು ಬಂದವು, ಖಂಡನೆಯ ಹೇಳಿಕೆಗಳು ಬಂದವು. ಇವೆಲ್ಲವೂ ಹಳೆಯ ಸಂಪ್ರದಾಯದ ಪ್ರತಿಭಟನೆಗಳೇ.

ಹೊಸದು ಹುಟ್ಟಿದುದು ಫೆಬ್ರುವರಿಯ ಆದಿಯಲ್ಲಿ. ಆಗ ‘ತೆಹಲ್ಕಾ’ ಪತ್ರಿಕೆಯಲ್ಲಿದ್ದ ನಿಶಾ ಸೂಸನ್ ಎಂಬ ಪತ್ರಕರ್ತೆ ತನ್ನ ಗೆಳತಿಯರೊಡಗೂಡಿ ಫೇಸ್‌ಬುಕ್ಕಿನಲ್ಲಿ ಒಂದು ಗುಂಪನ್ನು ತೆರೆದು, ಪಬ್ಬಿಗೆ ಹೋಗುವ, ಹದ್ದುಬಸ್ತಿನಲ್ಲಿರದ, ಮುಂದುವರಿದ ಸ್ತ್ರೀಯರ ಕೂಟವೆಂಬ ಅರ್ಥದ ಹೆಸರನ್ನಿಟ್ಟಳು. ಎದುರಾಳಿಯು ಬೈಗುಳವಾಗಿ ಬಳಸುವ ಮಾತನ್ನೇ ತನ್ನ ಬಿರುದಾಗಿ ಮುಡಿದುಕೊಳ್ಳುವ ಚತುರೋಪಾಯವದು. ಜೊತೆಗೆ ಒಂದು ಬ್ಲಾಗನ್ನೂ ಆರಂಭಿಸಿ, ಮಾಡಬೇಕಾದುದೇನೆಂಬುದನ್ನು ಅಡುಗೆಯ ವಿಧಾನದಷ್ಟು ಸರಳವಾಗಿ ಅಲ್ಲಿ ಬರೆದಿಟ್ಟರು: ಕಪಾಟಿನಲ್ಲಿ ಹುಡುಕಿ, ಇಲ್ಲವೇ ಅಗ್ಗದ್ದೊಂದನ್ನು ಕೊಳ್ಳಿ, ಬಣ್ಣ ಮಾತ್ರ ಗುಲಾಬಿಯೇ ಇರಲಿ, ಹುಬ್ಬಳ್ಳಿಯ ವಿಳಾಸಕ್ಕೆ ಕಳುಹಿಸಿ, ಪ್ರೇಮಿಗಳ ದಿನ ಎಲ್ಲಿದ್ದರೂ ಹತ್ತಿರದ ಪಬ್ಬಿಗೆ ಹೋಗಿ ಲೋಟವೆತ್ತಿ, ಹಣ್ಣಿನ ರಸವಾದರೂ ಅಡ್ಡಿಯಿಲ್ಲ. ಖಾಕಿ ಚಡ್ಡಿಯ ಶಿಸ್ತಿಗೆ ಗುಲಾಬಿ ಚಡ್ಡಿಯ ಉತ್ತರವೆಂಬ ವ್ಯಂಗ್ಯವನ್ನು ಬಿಡಿಸಿ ಹೇಳುವ ಅವಶ್ಯಕತೆಯೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಹತ್ತಾರು ಸಾವಿರ ಮಂದಿ ಗುಂಪನ್ನು ಸೇರಿದರು; ಪಟ್ಟಣಪಟ್ಟಣಗಳಲ್ಲಿ ಸಂಗ್ರಹದ ತಾಣಗಳು ತೆರೆದುಕೊಂಡವು; ಪೊಟ್ಟಣಗಳು ಹುಬ್ಬಳ್ಳಿಯ ದಾರಿ ಹಿಡಿದವು.

ಇಂಥದೊಂದು ತಂತ್ರ ಆಕಾಶದಿಂದ ಉದುರಿದುದಲ್ಲ. ಕಾಗದವೂ ಬೀದಿಯೂ ಇಲ್ಲದ ಲೋಕದಲ್ಲಿ ಪ್ರತಿಭಟಿಸುವ ವಿದ್ಯೆಯನ್ನು ಜನರು ಅದಕ್ಕೆ ಮೊದಲಿನ ಐದಾರು ವರ್ಷಗಳಲ್ಲಿ ತಡವರಿಸುತ್ತ ಕಲಿತಿದ್ದರು. ಅಮೆರಿಕದ ಲಿಂಡೆನ್ ಲ್ಯಾಬ್ ಎಂಬ ಕಂಪನಿ 2003ರಲ್ಲಿ ‘ಸೆಕೆಂಡ್ ಲೈಫ್’ ಎಂಬ ಮಾಯಾಲೋಕವನ್ನು ಕಂಪ್ಯೂಟರಿನಲ್ಲಿ ನಿರ್ಮಿಸಿತು. ಅದರಲ್ಲಿ ಕಟ್ಟಿದ ವಸ್ತುಗಳಿಗೆ ಕಂಪನಿ ತೆರಿಗೆ ಹಾಕಿದಾಗ ಅಲ್ಲಿಯ ನಿವಾಸಿಗಳು ಬಾಸ್ಟನ್ನಿನ ಚಹಾ ದಂಗೆಯನ್ನು ನೆನೆದು ದೈತ್ಯಾಕಾರದ ಚಹಾ ಪೆಟ್ಟಿಗೆಗಳನ್ನು ಎಲ್ಲೆಂದರಲ್ಲಿ ಒಟ್ಟಿದರು. ತೆರಿಗೆ ಕಡೆಗೆ ರದ್ದಾಯಿತು. 2007ರ ಸೆಪ್ಟೆಂಬರ್ 27ರಂದು ಇಟಲಿಯ ಐ.ಬಿ.ಎಂ. ನೌಕರರು ತಮ್ಮ ಭತ್ಯೆಯ ಕಡಿತವನ್ನು ವಿರೋಧಿಸಿ ಅದೇ ಮಾಯಾಲೋಕದಲ್ಲಿ ಮುಷ್ಕರ ಹೂಡಿದಾಗ ಸುಮಾರು ಮೂವತ್ತು ದೇಶಗಳ ಜನರು ಬಗೆಬಗೆಯ ವೇಷಗಳಲ್ಲಿ, ಕೆಲವರು ಬಾಳೆಹಣ್ಣಿನ ವೇಷದಲ್ಲಿಯೂ, ಬಂದು ಕಂಪನಿಯ ಹುಸಿ ಕಟ್ಟಡದ ಮುಂದೆ ಹುಸಿ ಫಲಕಗಳನ್ನು ಹಿಡಿದು ನಿಂತರು. ಹುಸಿ ಬೀದಿಯ ಈ ಮುಷ್ಕರದ ಬೆನ್ನಿಗೇ ಕಂಪನಿಯ ಇಟಲಿ ಶಾಖೆಯ ಮುಖ್ಯಸ್ಥರು ಹುದ್ದೆ ತೊರೆದುದೂ, ನೌಕರರಿಗೆ ಹೊಸ ಒಪ್ಪಂದ ದೊರೆತುದೂ ಹುಸಿಯಲ್ಲ.

ನಮ್ಮ ನಾಡಿನಲ್ಲಿ ಈ ವಿದ್ಯೆ ಬೇರೊಂದು ದಾರಿಯಿಂದ ಬಂದಿತು. ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿಯಾಗಿದ್ದ ಜಸ್ಮೀನ್ ಪಥೇಜಾ 2003ರಲ್ಲಿ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಎಂಬ ಕಾರ್ಯವು, ಬೀದಿಯಲ್ಲಿಯೂ ಬಸ್ಸಿನಲ್ಲಿಯೂ ಹೆಣ್ಣುಮಕ್ಕಳು ಅನುಭವಿಸುವ ಕಿರುಕುಳವನ್ನು ಅವರವರ ಬಾಯಿಂದಲೇ ಹೇಳಿಸುವುದನ್ನು ವ್ರತವಾಗಿಸಿಕೊಂಡಿತು. 2006ರ ಮಾರ್ಚಿಯಲ್ಲಿ, ಮಹಿಳಾ ದಿನದ ಹೊತ್ತಿಗೆ, ಅದರ ಕರೆಗೆ ಓಗೊಟ್ಟು ಅನೇಕ ಬ್ಲಾಗು ಬರಹಗಾರರು ಒಂದೇ ವೇಳೆಗೆ ಈ ವಿಷಯವನ್ನು ಕುರಿತೇ ಬರೆದರು. ತಾಯಿಗೂ ಹೇಳದೆ ನುಂಗಿಕೊಂಡಿದ್ದ ಸಂಗತಿಗಳು ಅಂದು ಮೊದಲ ಬಾರಿಗೆ ಅಕ್ಷರಗಳಾದವು. ಕನ್ನಡದಲ್ಲಿಯೂ ಆ ಹೊತ್ತಿಗೆ ಬ್ಲಾಗಿನ ಗಾಳಿ ಬೀಸತೊಡಗಿತ್ತು. ಹರಿಪ್ರಸಾದ್ ನಾಡಿಗರ ‘ಸಂಪದ’ ಎಂಬ ಜಾಲತಾಣ 2005ರಲ್ಲಿಯೇ ಕಣ್ತೆರೆದಿತ್ತು. ಆದರೆ ಇವರೆಲ್ಲ ಬರೆಯುತ್ತಿದ್ದ ಜಾಲದ ಅಂಗಳ ಯಾರದೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. 2006ರ ಜುಲೈಯಲ್ಲಿ ಮುಂಬಯಿಯ ರೈಲು ಸ್ಫೋಟಗಳ ಬೆನ್ನಿಗೆ ಸರಕಾರವು ಕೆಲವೇ ಜಾಲಪುಟಗಳನ್ನು ತಡೆಯಿರೆಂದು ಆದೇಶಿಸಿದರೆ, ಅಂತರ್ಜಾಲ ಸೇವೆಯ ಕಂಪನಿಗಳು ‘ಬ್ಲಾಗ್‌ಸ್ಪಾಟ್’ ಎಂಬ ಇಡಿಯ ಕೇರಿಗೇ ಬಾಗಿಲು ಜಡಿದುವು. ಕೆಲವು ದಿನಗಳಲ್ಲಿ ಬಾಗಿಲು ತೆರೆಯಿತು; ಪಾಠ ಮಾತ್ರ ಮರೆತುಹೋಯಿತು.

ಮತ್ತೆ ಹುಬ್ಬಳ್ಳಿಗೆ ಬರೋಣ. ಪೊಟ್ಟಣಗಳ ಕಥೆ ನಗೆಗೀಡಾದಷ್ಟೇ ಜಗಳಕ್ಕೂ ಎಡೆಮಾಡಿತು. ನನ್ನ ದೃಷ್ಟಿಯಲ್ಲಿ ಆ ಜಗಳವೇ ಈ ಪ್ರಸಂಗದ ತಿರುಳು. ಮುತಾಲಿಕರ ಕಡೆಯವರು, ಚಡ್ಡಿ ಕಳುಹಿಸಿದವರಿಗೆ ಗುಲಾಬಿ ಸೀರೆಯನ್ನು ಮರಳಿ ಕಳುಹಿಸುವೆವೆಂದು ಪ್ರತಿವ್ಯಂಗ್ಯ ಹೂಡಿದರು. ಮತ್ತೊಂದು ದಿಕ್ಕಿನಿಂದ, ಸ್ತ್ರೀಯರ ಹಕ್ಕಿಗಾಗಿ ದಶಕಗಳಿಂದ ದುಡಿದವರಲ್ಲಿಯೇ ಹಲವರು ಹುಬ್ಬೇರಿಸಿದರು: ಇದು ಉಳ್ಳವರ ವಿನೋದವಲ್ಲವೇ, ಕುಡಿಯುವ ಸ್ವಾತಂತ್ರ್ಯವೊಂದೇ ಸ್ವಾತಂತ್ರ್ಯವೇ, ಒಂದು ಹೊತ್ತಿನ ಕೂಲಿಗಾಗಿ ಹೊಲಕ್ಕೆ ಹೋಗುವವಳಿಗೆ ಇದರಿಂದಾಗುವುದೇನು ಎಂದು. ಚಳವಳಿಯ ಪಕ್ಷದವರ ಉತ್ತರವೂ ಹಗುರವಾದುದಲ್ಲ. ಪ್ರಶ್ನೆ ಪಬ್ಬಿನದಲ್ಲ, ಹೆಣ್ಣು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರೊಡನೆ ಹೋಗಬೇಕೆಂಬುದನ್ನು ಬೀದಿಯಲ್ಲಿ ದೊಣ್ಣೆ ಹಿಡಿದವನು ನಿರ್ಣಯಿಸಬೇಕೋ ಅವಳೇ ನಿರ್ಣಯಿಸಬೇಕೋ ಎಂಬುದು ಪ್ರಶ್ನೆ, ಗಾಂಭೀರ್ಯದಿಂದ ಅಲುಗದವನನ್ನು ಹಾಸ್ಯದಿಂದ ಅಲುಗಿಸಿದರೆ ತಪ್ಪೇನು?

ನಾನು ಈ ಎರಡು ಪಕ್ಷಗಳಲ್ಲಿ ಎರಡನೆಯದಕ್ಕೇ ಹೆಚ್ಚು ವಾಲುವವನು. ಬೆಟಗೇರಿಯ ನೇಕಾರರ ಮನೆಯ ಹುಡುಗಿಗಾಗಲಿ, ನಮ್ಮ ಹೊಂಬಳದಿಂದ ಗದಗದ ಕಾಲೇಜಿಗೆ ಬಸ್ಸು ಹತ್ತುವ ಹುಡುಗಿಗಾಗಲಿ ಪಬ್ಬೆಂಬುದು ದೂರದ ವಸ್ತುವಾಗಿರಬಹುದು. ಸಹಪಾಠಿಯೊಬ್ಬನೊಡನೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾತನಾಡಿದುದಕ್ಕೆ ನಾಲ್ಕು ಮಂದಿಗೆ ಉತ್ತರ ಹೇಳಬೇಕಾದ ಸಂಕಟ ದೂರದ್ದಲ್ಲ. ಆದರೂ ಒಂದು ಆಕ್ಷೇಪವನ್ನು ನಾನು ಬಿಡಲಾರೆ. ಆ ಪೊಟ್ಟಣಗಳ ಮೇಲಿನ ಊರು ನಮ್ಮದು, ಅವುಗಳ ಹಿಂದಿನ ಮಾತು ಮಾತ್ರ ಇಂಗ್ಲಿಷಿನದು. ಬ್ಲಾಗು ಇಂಗ್ಲಿಷಿನಲ್ಲಿ, ಗುಂಪಿನ ಹರಟೆ ಇಂಗ್ಲಿಷಿನಲ್ಲಿ, ವಿನೋದವೂ ಇಂಗ್ಲಿಷು ಬಲ್ಲವರಿಗೇ ರುಚಿಸುವಂಥದು. ಹುಬ್ಬಳ್ಳಿಯು ಈ ಸಂವಾದದಲ್ಲಿ ಒಂದು ವಿಳಾಸವಾಯಿತೇ ಹೊರತು ಒಂದು ಪಕ್ಷವಾಗಲಿಲ್ಲ. ಹುಬ್ಬಳ್ಳಿ ಧಾರವಾಡಗಳಲ್ಲಿದ್ದ ಹೆಣ್ಣುಮಕ್ಕಳನ್ನು ಅವರ ನುಡಿಯಲ್ಲಿ ಮಾತನಾಡಿಸಿದ್ದರೆ ಆ ಟಪಾಲಿಗೆ ಊರೊಳಗಿನಿಂದಲೇ ಬೆಂಬಲ ಹುಟ್ಟುತ್ತಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಪ್ರೇಮಿಗಳ ದಿನದ ಮುನ್ನವೇ ರಾಜ್ಯ ಸರಕಾರವು ಮುತಾಲಿಕರನ್ನೂ ಅವರ ಅನೇಕ ಅನುಯಾಯಿಗಳನ್ನೂ ಮುನ್ನೆಚ್ಚರಿಕೆಯ ಕ್ರಮವಾಗಿ ಬಂಧಿಸಿತು. ಬೀದಿಯ ಮದುವೆಗಳ ಬೆದರಿಕೆ ಹಾಗೆಯೇ ಕರಗಿತು. 2014ರ ಮಾರ್ಚಿಯಲ್ಲಿ ಅದೇ ಹುಬ್ಬಳ್ಳಿಯಲ್ಲಿ ಅವರು ಭಾರತೀಯ ಜನತಾ ಪಕ್ಷವನ್ನು ಸೇರಿದಾಗ ದೇಶದೆಲ್ಲೆಡೆ ವಿರೋಧದ ಅಲೆಯೆದ್ದು, ಪಕ್ಷದ ವರಿಷ್ಠರು ಕೆಲವೇ ಗಂಟೆಗಳಲ್ಲಿ ಆ ಸದಸ್ಯತ್ವವನ್ನು ರದ್ದುಗೊಳಿಸಿದರು. ಮಂಗಳೂರಿನ ಆ ದಾಳಿಯನ್ನು ಜನ ಐದು ವರ್ಷಗಳಾದರೂ ಮರೆತಿರಲಿಲ್ಲ. ಆದರೆ 2018ರ ಮಾರ್ಚಿಯಲ್ಲಿ ಮಂಗಳೂರಿನ ನ್ಯಾಯಾಲಯವು ಪಬ್ ದಾಳಿಯ ಮೊಕದ್ದಮೆಯಲ್ಲಿ ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ದೇಶವೆಲ್ಲ ಕಣ್ಣಾರೆ ಕಂಡ ಕೃತ್ಯಕ್ಕೆ ಕಟಕಟೆಯಲ್ಲಿ ಸಾಲುವಷ್ಟು ಸಾಕ್ಷ್ಯ ದೊರೆಯಲಿಲ್ಲ.

ನನ್ನ ಅಸಮಾಧಾನವೆಲ್ಲ ಇರುವುದು ಪ್ರತಿಭಟನೆಗೆ ಒದಗಿದ ಗತಿಯ ವಿಷಯದಲ್ಲಿ. ಚಡ್ಡಿಗಳು ಹುಬ್ಬಳ್ಳಿ ಸೇರಿ ಎರಡು ತಿಂಗಳು ತುಂಬುವಷ್ಟರಲ್ಲಿ ಆ ಫೇಸ್‌ಬುಕ್ ಗುಂಪಿಗೆ ಕನ್ನ ಬಿದ್ದಿತು. ಕನ್ನ ಹಾಕಿದವರು ಅದರ ಹೆಸರನ್ನು ಬದಲಿಸಿ ದ್ವೇಷದ ಮಾತುಗಳನ್ನು ತುಂಬಿದರು. ನಡೆಸುತ್ತಿದ್ದವರು ಕಂಪನಿಗೆ ಮೊರೆಯಿಟ್ಟರು. 2009ರ ಏಪ್ರಿಲ್ ಹೊತ್ತಿಗೆ ಗುಂಪೇ ಮುಚ್ಚಿಹೋಯಿತು. ಹತ್ತಾರು ಸಾವಿರ ಮಂದಿ ಅಲ್ಲಿ ಆಡಿದ ಮಾತು, ಮಾಡಿದ ಜಗಳ, ಹೊಸೆದ ನಗೆ ಎಲ್ಲವೂ ಒಂದೇ ಏಟಿಗೆ ಅಳಿದುಹೋದುವು. ಎದುರಾಳಿಯ ಹೇಳಿಕೆಗಳಾದರೋ ಪತ್ರಿಕೆಗಳ ಕಡತದಲ್ಲಿ ಭದ್ರವಾಗಿವೆ. ಎದುರಿಸಿದವರ ಒಡಲ ಮಾತು ಉಳಿಯಲಿಲ್ಲ. ಮುಂದೆ 2014ರ ಸೆಪ್ಟೆಂಬರ್ 30ರಂದು ‘ಆರ್ಕುಟ್’ ಎಂಬ ಜಾಲತಾಣ ಮುಚ್ಚಿದಾಗ, ನಾಡುನುಡಿಯ ಹೆಸರಿನಲ್ಲಿ ಕನ್ನಡದ ತರುಣರು ಅಲ್ಲಿ ಕಟ್ಟಿಕೊಂಡಿದ್ದ ಕೂಟಗಳಿಗೂ ಇದೇ ಗತಿಯೊದಗಿತು. ನಿಶಾ ಸೂಸನ್ 2020ರಲ್ಲಿ ಪ್ರಕಟಿಸಿದ ಕಥಾಸಂಕಲನದ ಹೆಸರಿನಲ್ಲಿ, ಫೇಸ್‌ಬುಕ್ಕನ್ನು ಕಂಡುಹಿಡಿಯಲು ಮರೆತ ಹೆಂಗಸರ ಪ್ರಸ್ತಾಪವಿದೆ. ತಮ್ಮದಲ್ಲದ ಅಂಗಳದಲ್ಲಿ ಕೂಗಿ ದಣಿದವರಿಗೆ ಆ ಹೆಸರಿನ ಕುಟುಕು ಬೇಗ ತಿಳಿಯುವುದು.

ಅಂಗಳ ಯಾರದೆಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಬಗೆಯ ಉತ್ತರ ಮೊಳಗಿತು. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ದಕ್ಷಿಣ ಕೊರಿಯದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆಂದು ಮೂರು ಸಾವಿರ ಎಕರೆಗೂ ಮಿಕ್ಕ ಜಮೀನನ್ನು ವಶಪಡಿಸಿಕೊಳ್ಳಲು ಸರಕಾರವು ಹೊರಟಾಗ, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ರೈತರು ಎದ್ದುನಿಂತರು. 2011ರ ಜುಲೈಯಲ್ಲಿ ಭೂಸ್ವಾಧೀನ ನಿಂತಿತು. 2013ರಲ್ಲಿ ಕಂಪನಿಯೇ ಯೋಜನೆಯನ್ನು ಕೈಬಿಟ್ಟಿತು. ಹಾಗೆಯೇ ನಮ್ಮ ಜಿಲ್ಲೆಯ ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಮರುವರ್ಷ ಕಿತ್ತುಕೊಂಡಾಗ, 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆದು ಏಪ್ರಿಲ್‌ನಲ್ಲಿ ಅದು ಮರಳಿ ಬಂದಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಇವರು ನಿಂತ ನೆಲ ಇವರದೇ ಆಗಿತ್ತು. ಅದರ ಹೆಸರನ್ನು ರಾತ್ರೋರಾತ್ರಿ ಬದಲಿಸಿ ಇವರನ್ನು ಹೊರಗಟ್ಟುವುದು ಯಾವ ಕಳ್ಳನಿಗೂ ಸಾಧ್ಯವಿರಲಿಲ್ಲ.

ಹಾಗೆಂದು ಜಾಲದ ಹೋರಾಟ ವ್ಯರ್ಥವೆಂದು ಹೇಳುವ ಹಿರಿಯರ ಸಾಲಿಗೆ ನಾನು ಸೇರುವವನಲ್ಲ. 2017ರಲ್ಲಿ ಬೆಂಗಳೂರಿನ ‘ನಮ್ಮ ಮೆಟ್ರೊ’ದ ಹಿಂದಿ ಫಲಕಗಳ ವಿರುದ್ಧ ಟ್ವಿಟರಿನಲ್ಲಿ ಎದ್ದ ಕೂಗು ಮುಖ್ಯಮಂತ್ರಿಯ ಮೇಜನ್ನು ಮುಟ್ಟಿ, ಫಲಕಗಳಿಂದ ಹಿಂದಿ ಇಳಿಯುವಂತಾಯಿತು; 2020ರಲ್ಲಿ ಹಾಂಗ್‌ಕಾಂಗಿನ ತರುಣರು ಬೀದಿಗಿಳಿಯಲಾಗದ ಸೋಂಕಿನ ದಿನಗಳಲ್ಲಿ ‘ಅನಿಮಲ್ ಕ್ರಾಸಿಂಗ್’ ಎಂಬ ಆಟದ ದ್ವೀಪಗಳಲ್ಲಿ ಘೋಷಣೆ ಬರೆದುದರ ಬೆನ್ನಿಗೇ ಆ ಆಟ ಚೀನದ ಅಂಗಡಿಗಳಿಂದ ಮಾಯವಾಯಿತು. ಚಕ್ರವರ್ತಿಗಳೂ ಗೊಂಬೆಯಾಟಕ್ಕೆ ಅಂಜುವ ಕಾಲವಿದು. ಗುಲಾಬಿ ಪೊಟ್ಟಣಗಳು ಗೆದ್ದುದೂ ಅವು ತೆರೆಯ ಮೇಲೆ ನಿಲ್ಲದೆ ಒಂದು ಮೇಜಿನ ಮೇಲೆ ಬಂದು ಬಿದ್ದುದರಿಂದಲೇ. ಸೋತುದು, ತಮ್ಮ ದಾಖಲೆಯನ್ನು ಪರರ ಪೆಟ್ಟಿಗೆಯಲ್ಲಿ ಬಿಟ್ಟುದರಿಂದ.

ಗದಗದ ನೆರೆಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯೆಂಬ ಸ್ತ್ರೀ ಬಸದಿ ಕಟ್ಟಿಸಿದ ವಿವರವನ್ನು 1007ನೆಯ ಇಸವಿಯ ಶಾಸನದಲ್ಲಿ ನಾವು ಇಂದಿಗೂ ಓದಬಲ್ಲೆವು. ನಮ್ಮ ಕಣ್ಣೆದುರಿಗೇ 2009ರಲ್ಲಿ ಆ ಗುಂಪಿನ ಸ್ತ್ರೀಯರು ಆಡಿದ ಮಾತನ್ನು ಓದಲಾರೆವು. ಶಾಸನಗಳ ಪಡಿಯಚ್ಚು ತೆಗೆಯಲು ಪಂಡಿತರನ್ನು ನೇಮಿಸಿದ ನಾಡು ಇದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವಾಗಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಾಗಲಿ ಅಳಿಯುತ್ತಿರುವ ಕನ್ನಡ ಬ್ಲಾಗುಗಳನ್ನೂ ಜಾಲದ ಜಗಳಗಳನ್ನೂ ಅದೇ ಶ್ರದ್ಧೆಯಿಂದ ನಕಲು ಮಾಡಿಡಲು ಒಬ್ಬಿಬ್ಬರು ತರುಣ ಸಂಶೋಧಕರನ್ನು ನೇಮಿಸಿದರೆ ಬೊಕ್ಕಸ ಬರಿದಾಗದು. ಅಲ್ಲಿಯವರೆಗೆ ಜಾಲದಲ್ಲಿ ಕೂಗುವ ತರುಣ ತರುಣಿಯರು, ಕೂಗಿದುದರ ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ತಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳುವುದು ಲೇಸು.